ಬ್ರಿಟನ್ನಿನ ಪೌರಾಸ್ಪತ್ರೆಗಳು: ೧೯೧೯ರಿಂದ ೧೯೩೯ರವರೆಗೆ

೧

ಮೊದಲನೆಯ ಮಹಾಯುದ್ಧವು ೧೯೧೮ರಲ್ಲಿ ಮುಗಿದಾಗ ಇಂಗ್ಲೆಂಡು ಮತ್ತು ವೇಲ್ಸ್ ದೇಶಗಳಲ್ಲಿ ಆಸ್ಪತ್ರೆಗಳು ಮೂರು ಬಗೆಯವಾಗಿದ್ದುವು. ದಾನಿಗಳ ಹಣದಿಂದ ನಡೆಯುತ್ತಿದ್ದ ಧರ್ಮಾಸ್ಪತ್ರೆಗಳು ಮೊದಲನೆಯ ಬಗೆ. ದರಿದ್ರಪೋಷಣ ಶಾಸನಕ್ಕೆ ಒಳಪಟ್ಟು ನಿರ್ಗತಿಕರಿಗಾಗಿ ಏರ್ಪಟ್ಟಿದ್ದ ರೋಗಿಶಾಲೆಗಳು ಎರಡನೆಯವು. ನಗರಸಭೆಗಳೂ ಕೌಂಟಿ ಸಭೆಗಳೂ ಸಾರ್ವಜನಿಕ ಆರೋಗ್ಯದ ಶಾಸನಗಳ ಮೇರೆಗೆ ನಡೆಸುತ್ತಿದ್ದ ಆಸ್ಪತ್ರೆಗಳು ಮೂರನೆಯವು. ರೋಗಿಯ ದೇಹಸ್ಥಿತಿಯು ಒಂದೇ ಆಗಿದ್ದರೂ, ಅವನು ಯಾವ ಬಾಗಿಲಿನಿಂದ ಒಳಹೊಕ್ಕನೆಂಬುದರ ಮೇಲೆ ಅವನ ಸ್ಥಾನವು ಬೇರೆಬೇರೆಯಾಗುತ್ತಿದ್ದಿತು. ಮೊದಲನೆಯದರಲ್ಲಿ ಅವನು ದಾನವನ್ನು ಪಡೆಯುವವನು. ಎರಡನೆಯದರಲ್ಲಿ ನಿರ್ಗತಿಕನೆಂದು ಪಟ್ಟಿಯಲ್ಲಿ ಬರೆಯಲ್ಪಟ್ಟವನು. ಮೂರನೆಯದರಲ್ಲಿ ಆ ಊರಿನ ನಿವಾಸಿ.

ಎರಡು ಯುದ್ಧಗಳ ನಡುವಣ ಇಪ್ಪತ್ತು ವರ್ಷಗಳಲ್ಲಿ ಎರಡನೆಯ ಬಗೆಯ ಆಸ್ಪತ್ರೆಗಳನ್ನು ಮೂರನೆಯ ಬಗೆಗೆ ಸೇರಿಸಲು ನಡೆದ ಪ್ರಯತ್ನವೇ ಆ ದೇಶದ ಸ್ಥಳೀಯ ಆಸ್ಪತ್ರೆಗಳ ಇತಿಹಾಸದಲ್ಲಿ ಮುಖ್ಯವಾದ ಸಂಗತಿ. ಇದನ್ನು ಕೆಲವರು ಬರಿಯ ಹೆಸರಿನ ಬದಲಾವಣೆಯೆಂದು ಕಡೆಗಣಿಸಿದ್ದಾರೆ. ಮತ್ತೆ ಕೆಲವರು ೧೯೪೮ರ ರಾಷ್ಟ್ರೀಯ ವ್ಯವಸ್ಥೆಗೆ ಇದು ಸಾಕಾದ ಪೀಠಿಕೆಯೆಂದು ಹೊಗಳಿದ್ದಾರೆ. ಈ ಎರಡು ಮತಗಳಲ್ಲಿ ಯಾವುದು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದನ್ನು ನಿರ್ಣಯಿಸಬೇಕಾದರೆ ಹಿಂದಿನ ಸ್ಥಿತಿಯನ್ನು ಸ್ವಲ್ಪ ಪರಿಶೀಲಿಸುವುದು ಅವಶ್ಯ.

೨

ಬಡವರನ್ನು ಊರೂರಿನ ಕಂದಾಯದಿಂದ ಪೋಷಿಸಬೇಕೆಂಬ ಇಂಗ್ಲೆಂಡಿನ ಶಾಸನವು ಎಲಿಜಬೆತ್ ರಾಣಿಯ ಕಾಲದ್ದು. ಅದು ೧೬೦೧ರಲ್ಲಿ ಕ್ರಮಪಟ್ಟಿತು. ೧೮೩೪ರಲ್ಲಿ ಈ ಶಾಸನವು ಬಹು ಕಠಿನವಾದ ರೂಪವನ್ನು ತಾಳಿತು. ಪೋಷಣೆಯನ್ನು ಬೇಡಿ ಬರುವವನ ಸ್ಥಿತಿಯು, ದುಡಿದು ಜೀವಿಸುವ ಅತ್ಯಂತ ಬಡ ಕೂಲಿಕಾರನ ಸ್ಥಿತಿಗಿಂತಲೂ ಕೀಳಾಗಿರಬೇಕೆಂಬುದು ಅದರ ತತ್ತ್ವ. ಸೋಮಾರಿಗಳು ಸಾರ್ವಜನಿಕರ ಅನ್ನಕ್ಕೆ ಕೈಯೊಡ್ಡದಿರಲೆಂದು ವರ್ಕ್‌ಹೌಸ್ ಎಂಬ ದುಡಿಮೆಯ ಮನೆಗಳು ಎದ್ದುವು. ಅಲ್ಲಿ ಗಂಡಹೆಂಡಿರನ್ನು ಬೇರೆಮಾಡುತ್ತಿದ್ದರು; ಊಟ ಉಡಿಗೆಗಳಲ್ಲಿ ಸುಖವೆಂಬುದು ಇರದಂತೆ ನೋಡಿಕೊಳ್ಳುತ್ತಿದ್ದರು. ೧೮೩೭ರಿಂದ ೧೮೩೯ರವರೆಗೆ ಬಿಡಿಬಿಡಿಯಾಗಿ ಪ್ರಕಟವಾದ ಡಿಕೆನ್ಸನ "ಆಲಿವರ್ ಟ್ವಿಸ್ಟ್" ಕಾದಂಬರಿಯನ್ನು ಓದಿದವರಿಗೆ ಈ ಮನೆಗಳ ಪರಿಚಯವನ್ನು ಹೆಚ್ಚಾಗಿ ಮಾಡಿಕೊಡಬೇಕಾಗಿಲ್ಲ.

ಈ ದಂಡನೀತಿಯು ಸೋಮಾರಿಗಳನ್ನು ಉದ್ದೇಶಿಸಿ ಹುಟ್ಟಿದುದು. ಆದರೆ ಕಾಲಕ್ರಮದಲ್ಲಿ ಆ ಮನೆಗಳನ್ನು ತುಂಬಿದವರು ಸೋಮಾರಿಗಳಲ್ಲ. ಮುದುಕರು, ಬಾಣಂತಿಯರು, ವಾಸಿಯಾಗದ ಕಾಯಿಲೆಯವರು. ದುಡಿಯಲಾರದವನನ್ನು ದುಡಿಮೆಗೆ ಹೆದರಿಸಿ ಓಡಿಸುವುದೆಂತು? ಶಾಸನಕ್ಕೂ ವಸ್ತುಸ್ಥಿತಿಗೂ ಬಂದ ಈ ವಿರೋಧವೇ ಮುಂದಿನ ಎಲ್ಲ ಸುಧಾರಣೆಗಳ ಮೂಲ. ೧೮೬೫ರಲ್ಲಿ "ಲ್ಯಾನ್ಸೆಟ್" ಎಂಬ ವೈದ್ಯಪತ್ರಿಕೆಯು ಲಂಡನ್ನಿನ ವರ್ಕ್‌ಹೌಸುಗಳಲ್ಲಿದ್ದ ರೋಗಿಗಳ ದುಃಸ್ಥಿತಿಯನ್ನು ವಿಚಾರಣೆಮಾಡಿಸಿ ಬಯಲಿಗೆ ತಂದಿತು. ಅದೇ ವರ್ಷ ಲಿವರ್‌ಪೂಲಿನ ಬ್ರೌನ್ಲೋ ಹಿಲ್ ರೋಗಿಶಾಲೆಗೆ ಆಗ್ನೆಸ್ ಜೋನ್ಸ್ ಎಂಬಾಕೆಯು ಶಿಕ್ಷಣ ಪಡೆದ ದಾದಿಯರೊಡನೆ ಬಂದಳು. ಮೂರು ವರ್ಷಗಳ ತರುವಾಯ ಅಲ್ಲಿಯೇ ವಿಷಮಜ್ವರ ತಗಲಿ ತೀರಿಕೊಂಡಳು. ೧೮೬೭ರ ಶಾಸನದಿಂದ ಲಂಡನ್ನಿನಲ್ಲಿ ರೋಗಿಗಳಿಗೆ ವರ್ಕ್‌ಹೌಸಿನಿಂದ ಪ್ರತ್ಯೇಕವಾದ ಕಟ್ಟಡಗಳು ಏರ್ಪಡತೊಡಗಿದುವು.

ಕಟ್ಟಡಗಳೊಡನೆ ಶಬ್ದಗಳೂ ಮೆಲ್ಲಮೆಲ್ಲಗೆ ಬದಲಾದುವು. ನಿರ್ಗತಿಕನೆಂದು ಪೋಷಣೆ ಪಡೆದವನಿಗೆ ಮತದಾನದ ಅಧಿಕಾರವಿರಲಿಲ್ಲ. ವೈದ್ಯಸಹಾಯವನ್ನು ಮಾತ್ರ ಪಡೆದವನಿಗೆ ಈ ಅನರ್ಹತೆಯು ತಗಲಬಾರದೆಂದು ೧೮೮೫ರಲ್ಲಿ ವಿಧಿಸಲಾಯಿತು. ವರ್ಕ್‌ಹೌಸಿನಲ್ಲಿ ಹುಟ್ಟಿದ ಮಗುವಿನ ಜನನಪತ್ರದಲ್ಲಿ ಆ ಮನೆಯ ಹೆಸರನ್ನು ಬರೆಯದೆ, ಬೀದಿಯ ವಿಳಾಸವನ್ನು ಮಾತ್ರ ಬರೆಯುವ ಪದ್ಧತಿಯು ೧೯೦೪ರಿಂದ ಆರಂಭವಾಯಿತು. ೧೯೧೩ರಲ್ಲಿ ಸರ್ಕಾರದ ಕಾಗದಪತ್ರಗಳಲ್ಲಿ ವರ್ಕ್‌ಹೌಸ್ ಎಂಬ ಮಾತನ್ನೇ ಬಿಟ್ಟು "ಸಂಸ್ಥೆ" ಎಂಬ ಮಾತನ್ನು ಬಳಕೆಗೆ ತಂದರು. ಒಂದು ಮನೆಯ ಹೆಸರು ಅದರಲ್ಲಿ ಹುಟ್ಟಿದ ಶಿಶುವಿನ ಜೀವಮಾನವೆಲ್ಲ ಕಳಂಕವಾಗಿ ಅಂಟಿಕೊಳ್ಳುತ್ತಿದ್ದಿತೆಂಬುದಕ್ಕೆ ಈ ಆಜ್ಞೆಗಳೇ ಪ್ರಮಾಣ. ಹೆಸರು ನಿಸ್ಸಾರವಾಗಿದ್ದಲ್ಲಿ ಅದನ್ನು ಮರೆಮಾಡುವ ಪ್ರಯಾಸವು ಏಕೆ ಬೇಕಾಗುತ್ತಿದ್ದಿತು?

೩

ನಗರಸಭೆಗಳ ಆಸ್ಪತ್ರೆಗಳು ಬೇರೆಯ ಬೀಜದಿಂದ ಹುಟ್ಟಿದುವು. ೧೮೭೫ರ ಸಾರ್ವಜನಿಕ ಆರೋಗ್ಯ ಶಾಸನವು ಸ್ಥಳೀಯ ಸಭೆಗಳಿಗೆ ಆಸ್ಪತ್ರೆಗಳನ್ನು ಕಟ್ಟಿಸುವ ಅಧಿಕಾರವನ್ನು ಕೊಟ್ಟಿತು. ಶಾಸನದ ಮಾತು ವಿಶಾಲವಾಗಿದ್ದರೂ ಸಭೆಗಳು ಅದನ್ನು ಬಹುಮಟ್ಟಿಗೆ ಸಿಡುಬು, ಕೆಂಪುಜ್ವರ, ಗಂಟಲುಮಾರಿ ಮೊದಲಾದ ಅಂಟುರೋಗಗಳಿಗಾಗಿಯೇ ಬಳಸಿದುವು. ೧೯೧೬ರಲ್ಲಿ ಗುಹ್ಯರೋಗಗಳಿಗೆ ಗುಟ್ಟಾಗಿಯೂ ಉಚಿತವಾಗಿಯೂ ಚಿಕಿತ್ಸೆ ಮಾಡಿಸುವ ಭಾರವನ್ನು ಕೌಂಟಿ ಸಭೆಗಳಿಗೂ ದೊಡ್ಡ ನಗರಸಭೆಗಳಿಗೂ ವಹಿಸಿ, ವೆಚ್ಚದಲ್ಲಿ ನೂರಕ್ಕೆ ೭೫ ಪಾಲನ್ನು ರಾಷ್ಟ್ರದ ಬೊಕ್ಕಸದಿಂದ ಕೊಡುವಂತೆ ಏರ್ಪಾಡಾಯಿತು. ೧೯೧೮ರ ಶಾಸನವು ತಾಯಿಮಕ್ಕಳ ಆರೈಕೆಯನ್ನೂ, ೧೯೨೧ರ ಶಾಸನವು ಕ್ಷಯರೋಗದ ಚಿಕಿತ್ಸೆಯನ್ನೂ ಸಭೆಗಳ ಕಾರ್ಯಕ್ಷೇತ್ರಕ್ಕೆ ಸೇರಿಸಿದುವು. ಮನೋರೋಗಿಗಳ ಆಶ್ರಯಗಳು ೧೮೪೫ರಿಂದಲೇ ಕೌಂಟಿಗಳ ಕಡ್ಡಾಯವಾದ ಹೊಣೆಯಾಗಿದ್ದುವು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಅಂಟುಜ್ವರ ಬಂದ ಬಡವನನ್ನು ನಗರಸಭೆಯು ತಾನಾಗಿಯೇ ಕರೆದೊಯ್ದು ಮಲಗಿಸುತ್ತಿದ್ದಿತು; ಅವನು ನಿರ್ಗತಿಕನೆಂಬ ಹೆಸರಿಗೆ ಗುರಿಯಾಗುತ್ತಿರಲಿಲ್ಲ. ಕಾಲು ಮುರಿದುಕೊಂಡ ಬಡವನಾದರೋ ಪೋಷಣಾಧಿಕಾರಿಯ ಮುಂದೆ ತನ್ನ ದಾರಿದ್ರ್ಯವನ್ನು ಸ್ಥಾಪಿಸಬೇಕಾಗಿದ್ದಿತು. ಮೊದಲನೆಯವನ ರೋಗವು ನೆರೆಯವರಿಗೆ ಹರಡುವಂತಹುದು, ಎರಡನೆಯವನ ನೋವು ಅವನೊಬ್ಬನಿಗೇ ಸೇರಿದುದು ಎಂಬುದೇ ಈ ಭೇದಕ್ಕೆ ಕಾರಣ. ಹೀಗೆ ಧರ್ಮಾಸ್ಪತ್ರೆಗೆ ದಯೆಯೂ, ವರ್ಕ್‌ಹೌಸಿಗೆ ದಂಡವೂ, ನಗರಸಭೆಯ ಆಸ್ಪತ್ರೆಗೆ ಭಯವೂ ಆಧಾರವಾಗಿದ್ದುವು. ರೋಗವೆಂಬ ಒಂದೇ ಕಾರಣದಿಂದ ರೋಗಿಯನ್ನು ನೋಡಿಕೊಳ್ಳತಕ್ಕದ್ದು ಊರಿನ ಕರ್ತವ್ಯವೆಂಬ ನಾಲ್ಕನೆಯ ಆಧಾರವು ಇನ್ನೂ ಸಿದ್ಧವಾಗಿರಲಿಲ್ಲ.

೪

ಧರ್ಮಾಸ್ಪತ್ರೆಗಳ ಕೀರ್ತಿಯು ದೊಡ್ಡದು. ದೇಶದ ಹೆಸರಾಂತ ಶಸ್ತ್ರವೈದ್ಯರು ಅಲ್ಲಿ ಸಂಬಳವಿಲ್ಲದೆ ಕೆಲಸಮಾಡುತ್ತಿದ್ದರು. ವೈದ್ಯವಿದ್ಯಾರ್ಥಿಗಳು ಅಲ್ಲಿಯೇ ಕಲಿಯುತ್ತಿದ್ದರು. ಆದರೆ ಬೇಗ ವಾಸಿಯಾಗುವ ರೋಗಿಯೇ ಅವುಗಳಿಗೆ ಇಷ್ಟ. ದೀರ್ಘರೋಗಿಗಳನ್ನೂ ಅಂಟುರೋಗದವರನ್ನೂ ಅವು ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಮೇಲಾಗಿ ದಾನಿಗಳಿದ್ದ ಕಡೆ ಆಸ್ಪತ್ರೆಯೇ ಹೊರತು, ರೋಗಿಗಳಿದ್ದ ಕಡೆ ಅಲ್ಲ. ಯುದ್ಧಾನಂತರ ಬೆಲೆಗಳೇರಿ ಅವುಗಳ ಹಣದ ಸ್ಥಿತಿ ಕೆಟ್ಟಿತು. ೧೯೨೧ರಲ್ಲಿ ಕೇವ್ ಪ್ರಭುವಿನ ಸಮಿತಿಯು ಹತ್ತು ಲಕ್ಷ ಪೌಂಡುಗಳ ಸಹಾಯವನ್ನು ಸರ್ಕಾರವು ಕೊಡಬೇಕೆಂದು ಸೂಚಿಸಿತು. ಸರ್ಕಾರವು ಐದು ಲಕ್ಷವನ್ನು ಕೊಟ್ಟಿತು. ಅಲ್ಲಿಂದ ಮುಂದೆ ಕೂಲಿಕಾರರ ವಾರದ ಸಂಬಳದಿಂದ ಕಾಸುಗಳನ್ನು ಕೂಡಿಸುವ ಚಂದಾಯೋಜನೆಗಳು ಪ್ರಬಲವಾದುವು. ದಾನಿಯ ದಯೆಯಿಂದ ನಡೆಯುತ್ತಿದ್ದ ಮನೆಯು ರೋಗಿಯ ಮುಂಗಡದ ಹಣದಿಂದ ನಡೆಯತೊಡಗಿದ ಮೇಲೆ, ರೋಗಿಯು ಯಾಚಕನಾಗಿ ಉಳಿಯುವುದು ಸಾಧ್ಯವಿರಲಿಲ್ಲ.

ವರ್ಕ್‌ಹೌಸಿನ ರೋಗಿಶಾಲೆಗಳನ್ನು ನಡೆಸುತ್ತಿದ್ದುದು ಚುನಾಯಿತವಾದ ಪೋಷಕಮಂಡಲಿಗಳು. ಇವುಗಳ ಸಂಖ್ಯೆ ೬೦೦ಕ್ಕೆ ಮೇಲಾಗಿದ್ದಿತು. ಒಂದೊಂದು ಮಂಡಲಿಯೂ ತನ್ನ ಸೀಮೆಯ ಕಂದಾಯವನ್ನೇ ನಂಬಿಕೊಂಡಿದ್ದುದರಿಂದ, ಬಡವರು ಹೆಚ್ಚಿದ್ದ ಕಡೆ ಕಂದಾಯವು ಹೆಚ್ಚಾಗಿಯೂ, ಧನಿಕರ ಸೀಮೆಗಳಲ್ಲಿ ಕಡಿಮೆಯಾಗಿಯೂ ಇದ್ದಿತು. ಈ ಅನ್ಯಾಯವನ್ನು ಪ್ರತಿಭಟಿಸಿ ೧೯೨೧ರಲ್ಲಿ ಲಂಡನ್ನಿನ ಪೂರ್ವಭಾಗದ ಪಾಪ್ಲರ್ ಪುರಸಭೆಯ ಸದಸ್ಯರು, ಜಾರ್ಜ್ ಲ್ಯಾನ್ಸ್‌ಬರಿಯ ಮುಂದಾಳುತನದಲ್ಲಿ, ನಗರದ ಮೇಲಣ ಸಂಸ್ಥೆಗಳಿಗೆ ಸಲ್ಲಿಸಬೇಕಾದ ಪಾಲನ್ನು ಸಲ್ಲಿಸದೆ ಸೆರೆಮನೆಗೆ ಹೋದರು. ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗಳನ್ನು ನಡೆಸುತ್ತಿದ್ದ ರಾಜಧಾನಿಯ ಮಂಡಲಿಯೂ ಆ ಸಂಸ್ಥೆಗಳಲ್ಲಿ ಒಂದು. ೧೯೨೬-೨೭ರಲ್ಲಿ ವೆಸ್ಟ್ ಹ್ಯಾಮ್, ಚೆಸ್ಟರ್-ಲೆ-ಸ್ಟ್ರೀಟ್, ಬೆಡ್‌ವೆಲ್ಟಿ ಎಂಬ ಮೂರು ಕಡೆಗಳ ಪೋಷಕಮಂಡಲಿಗಳನ್ನು ಸರ್ಕಾರವು ತೆಗೆದುಹಾಕಿ ತನ್ನ ಅಧಿಕಾರಿಗಳನ್ನು ನೇಮಿಸಿತು. ಪೋಷಕಮಂಡಲಿಗಳ ಆಯುಷ್ಯವು ಮುಗಿಯುತ್ತ ಬಂದಿದೆಯೆಂಬುದು ಇದರಿಂದ ಸ್ಪಷ್ಟವಾಯಿತು.

ಆ ವೇಳೆಗಾಗಲೇ ಒಂದು ನಗರವು ದಾರಿಯನ್ನು ತೋರಿಸಿದ್ದಿತು. ಉಣ್ಣೆಯ ಗಿರಣಿಗಳಿಗೆ ಪ್ರಸಿದ್ಧವಾದ ಬ್ರ್ಯಾಡ್‌ಫರ್ಡ್ ನಗರದ ಸಭೆಯು, ಪೋಷಕಮಂಡಲಿಯ ವಶದಲ್ಲಿದ್ದು ಯುದ್ಧಕಾಲದಲ್ಲಿ ಸೈನಿಕರ ಚಿಕಿತ್ಸೆಗೆ ಬಳಕೆಯಾಗಿದ್ದ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯನ್ನು ೧೯೨೦ರಲ್ಲಿ ತನ್ನ ಕೈಗೆ ತೆಗೆದುಕೊಂಡಿತು. ಎಲ್ಲ ಬಗೆಯ ರೋಗಿಗಳಿಗೂ ನಗರಸಭೆಯು ತಾನೇ ಸಾಮಾನ್ಯ ಆಸ್ಪತ್ರೆಯನ್ನು ನಡೆಸಿದುದಕ್ಕೆ ಇದು ಮೊದಲನೆಯ ಉದಾಹರಣೆ. ೧೮೭೫ರ ಶಾಸನದಲ್ಲಿ ಅಡಗಿದ್ದ ವಿಶಾಲವಾದ ಅರ್ಥವು ೪೫ ವರ್ಷಗಳ ತರುವಾಯ ಹೀಗೆ ಪ್ರಯೋಗಕ್ಕೆ ಬಂದಿತು.

೫

ನೆವಿಲ್ ಚೇಂಬರ್ಲೇನನು ಆರೋಗ್ಯಮಂತ್ರಿಯಾಗಿದ್ದಾಗ ೧೯೨೯ರಲ್ಲಿ ಸ್ಥಳೀಯಾಡಳಿತದ ಶಾಸನವು ಅಂಗೀಕೃತವಾಯಿತು. ಸ್ಕಾಟ್ಲೆಂಡಿಗೆ ಅದೇ ವರ್ಷ ಪ್ರತ್ಯೇಕ ಶಾಸನವಾಯಿತು. ಇಂಗ್ಲೆಂಡು ವೇಲ್ಸ್‌ಗಳ ಪೋಷಕಮಂಡಲಿಗಳು ೧೯೩೦ರ ಏಪ್ರಿಲ್ ೧ರಂದು ಇಲ್ಲವಾಗಿ, ಅವುಗಳ ಕೆಲಸವೂ ಕಟ್ಟಡಗಳೂ ೧೪೫ ಕೌಂಟಿ ಸಭೆಗಳಿಗೆ ಮತ್ತು ಕೌಂಟಿಸ್ಥಾನವುಳ್ಳ ನಗರಸಭೆಗಳಿಗೆ ಸೇರಿದುವು. ಬರ್ಮಿಂಗ್‌ಹ್ಯಾಮಿನ ಸೆಲಿ ಓಕ್ ಮತ್ತು ಡಡ್ಲಿ ರೋಡ್, ಮ್ಯಾಂಚೆಸ್ಟರಿನ ಕ್ರಂಪ್ಸಲ್ ಮತ್ತು ವಿದಿಂಗ್ಟನ್ ಮೊದಲಾದ ದೊಡ್ಡ ರೋಗಿಶಾಲೆಗಳು ಹೀಗೆ ನಗರಸಭೆಗಳ ಕೈಗೆ ಬಂದುವು.

ಕೈಗೆ ಬಂದ ಆಸ್ಪತ್ರೆಯನ್ನು ಸಭೆಯು ಎರಡು ವಿಧವಾಗಿ ನಡೆಸಬಹುದಾಗಿದ್ದಿತು. ತನ್ನ ಸಾರ್ವಜನಿಕ ಸಹಾಯಸಮಿತಿಗೆ ಒಪ್ಪಿಸಿ ಹಳೆಯ ದರಿದ್ರಪೋಷಣ ಶಾಸನದ ಮೇರೆಗೆ ನಡೆಸುವುದು ಒಂದು; ಅದನ್ನು ಆರೋಗ್ಯಸಮಿತಿಗೆ ಒಪ್ಪಿಸಿ ಸಾರ್ವಜನಿಕ ಆರೋಗ್ಯ ಶಾಸನದ ಮೇರೆಗೆ ನಡೆಸುವುದು ಇನ್ನೊಂದು. ಈ ಎರಡನೆಯದಕ್ಕೆ ಆಡಳಿತದ ಭಾಷೆಯಲ್ಲಿ "ಅಪ್ರೋಪ್ರಿಯೇಷನ್" ಎಂದು ಹೆಸರು. ವಿನಿಯೋಗಪರಿವರ್ತನೆ ಎಂದು ಅದನ್ನು ಕನ್ನಡದಲ್ಲಿ ಹೇಳಬಹುದು. ಹೊರಗಿನ ನೋಟಕ್ಕೆ ಏನೂ ಬದಲಾಗುತ್ತಿರಲಿಲ್ಲ. ಗೋಡೆಗಳು ಅವೇ, ಮಂಚಗಳು ಅವೇ, ದಾದಿಯರೂ ಅವರೇ. ಆದರೆ ಒಳಗೆ ಬರುವವನು ಪೋಷಣಾಧಿಕಾರಿಯ ಅಪ್ಪಣೆಯಿಂದ ಬರುತ್ತಿರಲಿಲ್ಲ, ವೈದ್ಯನ ಮಾತಿನಿಂದ ಬರುತ್ತಿದ್ದನು. ಅವನು ಬಡವನೋ ಅಲ್ಲವೋ ಎಂಬ ಪ್ರಶ್ನೆಯು ಹೋಗಿ, ಅವನು ರೋಗಿಯೋ ಅಲ್ಲವೋ ಎಂಬ ಪ್ರಶ್ನೆಯೊಂದೇ ಬಾಗಿಲಿನಲ್ಲಿ ಉಳಿಯಿತು. ೧೯೩೦ರ ಮನೋರೋಗ ಚಿಕಿತ್ಸೆಯ ಶಾಸನವೂ ಇದೇ ಮಾರ್ಗವನ್ನು ಹಿಡಿದು, ಹುಚ್ಚರ ಆಶ್ರಯವೆಂಬ ಹಳೆಯ ಹೆಸರನ್ನು ಬಿಟ್ಟು ಮನೋರೋಗದ ಆಸ್ಪತ್ರೆಯೆಂಬ ಹೆಸರನ್ನು ಸ್ಥಾಪಿಸಿತು. ರೋಗಿಯು ತಾನಾಗಿಯೇ ಬಂದು ಸೇರುವುದಕ್ಕೂ ಅವಕಾಶಮಾಡಿಕೊಟ್ಟಿತು.

ಈ ಅವಕಾಶವನ್ನು ತಡಮಾಡದೆ ಬಳಸಿಕೊಂಡವರಲ್ಲಿ ಲಂಡನ್ ಕೌಂಟಿ ಸಭೆಯು ಮುಖ್ಯವಾದುದು. ೨೫ ಪೋಷಕಮಂಡಲಿಗಳ ರೋಗಿಶಾಲೆಗಳೂ, ರಾಜಧಾನಿಯ ಸಾಂಕ್ರಾಮಿಕ ಆಸ್ಪತ್ರೆಗಳೂ ಒಮ್ಮೆಗೇ ಅದರ ವಶವಾಗಿ, ಆಸ್ಪತ್ರೆಗಳನ್ನು ನಡೆಸುವ ಸ್ಥಳೀಯ ಸಭೆಗಳಲ್ಲೆಲ್ಲ ಅದು ಅತಿ ದೊಡ್ಡದಾಯಿತು. ಆರೋಗ್ಯಾಧಿಕಾರಿಯಾಗಿದ್ದ ಫ್ರೆಡರಿಕ್ ಮೆಂಜೀಸನು ಬಿಡಿಬಿಡಿಯಾಗಿದ್ದ ಈ ಸಂಸ್ಥೆಗಳನ್ನು ಒಂದೇ ವ್ಯವಸ್ಥೆಯಾಗಿ ಹೊಂದಿಸಿದನು. ೧೯೩೪ರಲ್ಲಿ ಹರ್ಬರ್ಟ್ ಮಾರಿಸನ್ನನ ನೇತೃತ್ವದಲ್ಲಿ ಕಾರ್ಮಿಕ ಪಕ್ಷವು ಸಭೆಯಲ್ಲಿ ಬಹುಮತವನ್ನು ಪಡೆದ ಮೇಲೆ, ಶಸ್ತ್ರವೈದ್ಯನಾಗಿದ್ದ ಸಾಮರ್‌ವಿಲ್ ಹೇಸ್ಟಿಂಗ್ಸನು ಆಸ್ಪತ್ರೆಗಳ ಸಮಿತಿಗೆ ಅಧ್ಯಕ್ಷನಾದನು. ೧೯೩೫ರಲ್ಲಿ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ, ಪದವೀಧರರಾದ ವೈದ್ಯರ ಉನ್ನತ ಶಿಕ್ಷಣಕ್ಕಾಗಿ ಬ್ರಿಟಿಷ್ ಪೋಸ್ಟ್‌ಗ್ರ್ಯಾಜುಯೇಟ್ ಮೆಡಿಕಲ್ ಸ್ಕೂಲು ಪ್ರಾರಂಭವಾಯಿತು. ಹಿಂದೆ ನಿರ್ಗತಿಕರ ರೋಗಿಶಾಲೆಯಾಗಿದ್ದ ಸ್ಥಳದಲ್ಲಿ ಸಾಮ್ರಾಜ್ಯದ ನಾನಾಭಾಗಗಳ ವೈದ್ಯರು ವಿದ್ಯಾರ್ಥಿಗಳಾಗಿ ಕುಳಿತರು. ವಿನಿಯೋಗಪರಿವರ್ತನೆಯು ಬರಿಯ ಶಬ್ದವಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ನಿದರ್ಶನವು ದೊರೆಯಲಾರದು.

೬

ಹಾಗಿದ್ದರೂ ಈ ಶಾಸನದ ನ್ಯೂನತೆಗಳನ್ನು ಮುಚ್ಚಿಡುವುದು ಇತಿಹಾಸಕ್ಕೆ ತಕ್ಕುದಲ್ಲ. ಮೊದಲನೆಯದಾಗಿ, ಶಾಸನವು ಅನುಮತಿಯನ್ನು ಕೊಟ್ಟಿತೇ ಹೊರತು ವಿಧಿಸಲಿಲ್ಲ. ಮಾಡಬಹುದು ಎಂಬುದಕ್ಕೂ ಮಾಡತಕ್ಕದ್ದು ಎಂಬುದಕ್ಕೂ ಇರುವ ಅಂತರವನ್ನು ಧರ್ಮಶಾಸ್ತ್ರವನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಲಂಡನ್ ಮತ್ತು ಮಿಡ್ಲ್‌ಸೆಕ್ಸ್ ಸಭೆಗಳೂ ಅನೇಕ ದೊಡ್ಡ ನಗರಗಳೂ ಮುಂದೆ ಬಂದುವು. ಗ್ರಾಮಪ್ರಧಾನವಾದ ಕೌಂಟಿಗಳಲ್ಲಿ ಬಹುಪಾಲು ಹಳೆಯ ದಾರಿಯಲ್ಲಿಯೇ ಉಳಿದುವು. ಕಲ್ಲಿದ್ದಲಿನ ಸೀಮೆಗಳಲ್ಲಿಯೂ ಹಡಗು ಕಟ್ಟುವ ಊರುಗಳಲ್ಲಿಯೂ ನಿರುದ್ಯೋಗವು ಹೆಚ್ಚಿ ಕಂದಾಯವು ಕುಗ್ಗಿದುದರಿಂದ, ಚಿಕಿತ್ಸೆಯ ಅಗತ್ಯವು ಎಲ್ಲಿ ಹೆಚ್ಚೋ ಅಲ್ಲಿಯೇ ಹಣವು ಕಡಿಮೆಯಾಯಿತು. ೧೯೩೧ರ ಆರ್ಥಿಕ ವಿಪತ್ತಿನಲ್ಲಿ ಹೊಸ ಕಟ್ಟಡಗಳ ಕೆಲಸವು ಹಿಂದೆ ಬಿದ್ದಿತು. ಒಂದು ಬೀದಿಯ ಆಚೆಗೆ ಹುಟ್ಟಿದವನು ರೋಗಿ, ಈಚೆಗೆ ಹುಟ್ಟಿದವನು ನಿರ್ಗತಿಕ ಎಂಬಂತಾಯಿತು.

ಎರಡನೆಯದಾಗಿ, ಅಂಟುರೋಗಗಳ ಹೊರತು ಉಳಿದ ರೋಗಿಗಳಿಂದ ಅವರವರ ಶಕ್ತ್ಯನುಸಾರ ವೆಚ್ಚವನ್ನು ವಸೂಲುಮಾಡತಕ್ಕದ್ದೆಂದು ಅದೇ ಶಾಸನದ ೧೬ನೆಯ ಪ್ರಕರಣವು ವಿಧಿಸಿತು. ಆಸ್ಪತ್ರೆಯನ್ನು ಸುಧಾರಿಸುವುದು ಸಭೆಯ ಇಚ್ಛೆ, ಹಣವನ್ನು ಕೇಳುವುದು ಅದರ ಕಡ್ಡಾಯ! ಬಾಗಿಲಿನಲ್ಲಿ ತೆಗೆದುಹಾಕಿದ ವಿಚಾರಣೆಯು ಮಂಚದ ಬಳಿಗೆ ಬಂದು ನಿಂತಂತಾಯಿತು. ಮೂರನೆಯದಾಗಿ, ಧರ್ಮಾಸ್ಪತ್ರೆಗಳೊಡನೆ ಸಮಾಲೋಚನೆ ನಡೆಸಬೇಕೆಂದು ೧೩ನೆಯ ಪ್ರಕರಣವು ಹೇಳಿದರೂ, ಎರಡು ವರ್ಗಗಳ ನಡುವಣ ಈರ್ಷ್ಯೆಯು ಬಹಳ ಊರುಗಳಲ್ಲಿ ತೀರಲಿಲ್ಲ. ತಜ್ಞವೈದ್ಯರು ಧರ್ಮಾಸ್ಪತ್ರೆಗಳಲ್ಲಿಯೇ ಉಳಿದರು. ಪೌರಾಸ್ಪತ್ರೆಗಳಲ್ಲಿ ಸಂಬಳದ ವೈದ್ಯಾಧಿಕಾರಿಯೊಬ್ಬನು ಕೆಲವೇ ಸಹಾಯಕರೊಡನೆ ನೂರಾರು ರೋಗಿಗಳನ್ನು ನೋಡಬೇಕಾಗಿದ್ದಿತು.

ಇವೆಲ್ಲಕ್ಕಿಂತ ಶೋಚನೀಯವಾದುದು ನಾಲ್ಕನೆಯ ದೋಷ. ಕೆಲವು ಸಭೆಗಳು ವಾಸಿಯಾಗತಕ್ಕ ರೋಗಿಗಳ ವಾರ್ಡುಗಳನ್ನು ಮಾತ್ರ ಆಸ್ಪತ್ರೆಯೆಂದು ಪರಿವರ್ತಿಸಿ, ಮುದುಕರನ್ನೂ ಪಾರ್ಶ್ವವಾಯು ಮೊದಲಾದ ದೀರ್ಘರೋಗಗಳಿಂದ ಬಿದ್ದವರನ್ನೂ ಹಳೆಯ ಸಂಸ್ಥೆಯಲ್ಲಿಯೇ ಉಳಿಸಿದುವು. ಯಾರ ದುಃಸ್ಥಿತಿಯನ್ನು ಕಂಡು ಸುಧಾರಣೆಯು ಹುಟ್ಟಿತೋ ಅವರೇ ಸುಧಾರಣೆಯ ಹೊರಗುಳಿದರು. ೧೯೩೫ರಲ್ಲಿ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಪಕ್ಕದ ವರ್ಕ್‌ಹೌಸಿನ ರೋಗಿಗಳು ಸೇರಿದಾಗ, ಮಾರ್ಜರಿ ವಾರನ್ ಎಂಬ ವೈದ್ಯೆಗೆ ಇಂತಹ ೭೦೦ಕ್ಕೂ ಹೆಚ್ಚು ಮಂದಿಯ ಭಾರವು ಬಂದಿತು. ವರ್ಷಗಟ್ಟಲೆ ಹಾಸಿಗೆಯನ್ನು ಬಿಟ್ಟೇಳದ ಮುದುಕರು ಅವರಲ್ಲಿದ್ದರು. ಆಕೆಯು ಒಬ್ಬೊಬ್ಬರನ್ನೂ ಪರೀಕ್ಷಿಸಿ, ರೋಗಕ್ಕೆ ತಕ್ಕಂತೆ ವಿಂಗಡಿಸಿ, ಎದ್ದು ನಡೆಯುವ ಅಭ್ಯಾಸವನ್ನು ಮಾಡಿಸಿದಳು. ವಾಸಿಯಾಗದವರೆಂದು ಬಿಟ್ಟಿದ್ದವರಲ್ಲಿ ಅನೇಕರು ಎದ್ದು ಮನೆಗೆ ಹೋದರು. ಬ್ರಿಟನ್ನಿನಲ್ಲಿ ವೃದ್ಧರ ವೈದ್ಯವು ಒಂದು ಪ್ರತ್ಯೇಕ ಶಾಖೆಯಾಗಿ ಬೆಳೆದುದಕ್ಕೆ ಈ ವಾರ್ಡುಗಳೇ ಜನ್ಮಸ್ಥಾನ. ಅವರನ್ನು ಹಾಸಿಗೆಯಲ್ಲಿ ಹಿಡಿದಿಟ್ಟಿದ್ದುದು ರೋಗಕ್ಕಿಂತ ಹೆಚ್ಚಾಗಿ ಅವರಿಗಿಟ್ಟ ಹೆಸರೆಂಬುದು ಇದರಿಂದ ಸಿದ್ಧವಾಯಿತು.

೭

೧೯೩೯ರಲ್ಲಿ ಎರಡನೆಯ ಯುದ್ಧವು ಆರಂಭವಾದಾಗ, ವಿಮಾನದಾಳಿಯಿಂದ ಗಾಯಗೊಳ್ಳುವವರಿಗಾಗಿ ಸರ್ಕಾರವು ಧರ್ಮಾಸ್ಪತ್ರೆಗಳನ್ನೂ ಪೌರಾಸ್ಪತ್ರೆಗಳನ್ನೂ ಒಂದೇ ತುರ್ತುವ್ಯವಸ್ಥೆಗೆ ಒಳಪಡಿಸಿತು. ಲಂಡನ್ನಿನ ಹೆಸರಾಂತ ವೈದ್ಯರು ಹೊರವಲಯದ ಪೌರಾಸ್ಪತ್ರೆಗಳಿಗೆ ಹೋಗಿ, ಅಲ್ಲಿಯ ಕೊರತೆಗಳನ್ನು ಕಣ್ಣಾರೆ ಕಂಡರು. ಯುದ್ಧಾನಂತರ ಆರೋಗ್ಯಮಂತ್ರಿಯಾದ ಅನ್ಯೂರಿನ್ ಬೆವನ್ನನು ಎಲ್ಲ ಆಸ್ಪತ್ರೆಗಳನ್ನೂ ರಾಷ್ಟ್ರದ ಸ್ವತ್ತಾಗಿ ಮಾಡಬೇಕೆಂದು ೧೯೪೫ರಲ್ಲಿ ಮಂತ್ರಿಮಂಡಲದ ಮುಂದೆ ಸೂಚಿಸಿದನು. ಲಂಡನ್ ಸಭೆಯ ಹಳೆಯ ನಾಯಕನಾದ ಮಾರಿಸನ್ನನು ಇದನ್ನು ವಿರೋಧಿಸಿದನು. ಆಸ್ಪತ್ರೆಯನ್ನು ಊರಿನ ಸಭೆಯಿಂದ ಕಸಿದುಕೊಂಡರೆ ಸ್ಥಳೀಯಾಡಳಿತವು ಬಲಗೆಡುವುದೆಂಬುದು ಮಾರಿಸನ್ನನ ವಾದ. ಕಂದಾಯದ ಬಲಾಬಲಗಳು ಊರೂರಿಗೂ ಬೇರೆಯಾಗಿರುವವರೆಗೆ ಚಿಕಿತ್ಸೆಯೂ ಸಮವಾಗಲಾರದೆಂಬುದು ಬೆವನ್ನನ ವಾದ. ಬೆವನ್ನನ ಪಕ್ಷವೇ ಗೆದ್ದಿತು. ೧೯೪೬ರ ಶಾಸನದ ಮೇರೆಗೆ ೧೯೪೮ರ ಜುಲೈ ೫ರಂದು ಇಂಗ್ಲೆಂಡು ವೇಲ್ಸ್‌ಗಳ ಸುಮಾರು ೧,೫೦೦ ಪೌರಾಸ್ಪತ್ರೆಗಳೂ ೧,೧೦೦ಕ್ಕೂ ಹೆಚ್ಚು ಧರ್ಮಾಸ್ಪತ್ರೆಗಳೂ ರಾಷ್ಟ್ರದ ಆರೋಗ್ಯವ್ಯವಸ್ಥೆಗೆ ಸೇರಿದುವು. ಆಗ ಧರ್ಮಾಸ್ಪತ್ರೆಗಳಲ್ಲಿದ್ದ ಹಾಸಿಗೆಗಳು ಸುಮಾರು ೯೦,೦೦೦. ಪೌರಾಸ್ಪತ್ರೆಗಳಲ್ಲಿ, ಮನೋರೋಗದವನ್ನು ಸೇರಿಸಿಕೊಂಡು, ಸುಮಾರು ೩,೯೦,೦೦೦. ಕೀರ್ತಿಯು ಒಂದು ಕಡೆಗೂ ಭಾರವು ಇನ್ನೊಂದು ಕಡೆಗೂ ಇದ್ದಿತೆಂಬುದನ್ನು ಈ ಅಂಕಿಗಳು ಹೇಳುತ್ತವೆ.

ಈಗ ಮೊದಲು ಎತ್ತಿದ ಪ್ರಶ್ನೆಗೆ ಉತ್ತರವನ್ನು ಹೇಳಬಹುದು. ವಿನಿಯೋಗಪರಿವರ್ತನೆಯು ಬರಿಯ ಹೆಸರಿನ ಬದಲಾವಣೆ ಎಂಬ ಮತವು ನಿಲ್ಲುವುದಿಲ್ಲ. ಹ್ಯಾಮರ್‌ಸ್ಮಿತ್ತಿನ ಪಾಠಶಾಲೆಯೂ ವೆಸ್ಟ್ ಮಿಡ್ಲ್‌ಸೆಕ್ಸಿನ ಮುದುಕರೂ ಅದಕ್ಕೆ ಬಾಧಕವಾಗಿದ್ದಾರೆ. ಅದೇ ಸಾಕಾಗಿದ್ದಿತೆಂಬ ಮತವೂ ನಿಲ್ಲುವುದಿಲ್ಲ. ಪರಿವರ್ತನೆಯ ಹೊರಗುಳಿದ ಊರುಗಳು ಅದಕ್ಕೆ ಬಾಧಕ. ರೋಗಿಯನ್ನು ರೋಗಿಯೆಂದು ಕರೆಯಲು ಶಾಸನವು ಮೊದಲು ಅವಕಾಶಮಾಡಿಕೊಟ್ಟಿತು, ಹಾಗೆ ಕರೆಯತಕ್ಕದ್ದೆಂದು ವಿಧಿಸಲು ಮತ್ತೆ ಹದಿನೆಂಟು ವರ್ಷಗಳು ಹಿಡಿದುವು.